ಅಜ್ಜ ಕಲಿಸಿದ ಲ್ಯಾಟಿನ್ ಕ್ರಿಯಾಪದ

ಬ್ರೂಸ್‌ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಮೊನ್ನೆ ಯಾರದೋ ಕೈಜಾರಿ ಸ್ಪಿರಿಟ್ ಬಾಟಲಿ ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ, ಸತ್ಯನಾರಾಯಣಪೇಟೆಯ ನಮ್ಮ ಹಳೆಯ ಮನೆ ಕಣ್ಣೆದುರು ಬಂದು ನಿಂತಿತು. ಅಜ್ಜ ಕಾಂಪೌಂಡರ್ ಆಗಿದ್ದರು. ಸಂಜೆ ಬಂದಾಗ ಅವರ ಅಂಗಿಯಲ್ಲಿ ಸ್ಪಿರಿಟ್ಟು, ಓಮದ ನೀರು, ಕರ್ಪೂರ ಎಲ್ಲ ಸೇರಿದ ಒಂದು ವಾಸನೆ ಇರುತ್ತಿತ್ತು. ಅವರ ಪಕ್ಕ ಕೂತೇ ನಾನು ಡಾಕ್ಟರ ಚೀಟಿ ಓದಲು ಕಲಿತೆ. ಚೀಟಿಯ ನೆತ್ತಿಯ ಮೇಲಿನ, ಕಾಲಿಗೆ ಗೀಟು ಎಳೆದ ಆರ್ ಅಕ್ಷರ ‘ರೆಸಿಪೆ’ ಎಂಬ ಲ್ಯಾಟಿನ್ ಮಾತಿನ ಗುರುತಂತೆ. “ಅಂದ್ರ ‘ತಗೋ’ ಅಂತ ಅಪ್ಪಣಿ ಕೊಟ್ಟಂಗ” ಎನ್ನುತ್ತಿದ್ದರು. ಪಾದ್ರಿಗಳ ಶಾಲೆಯಲ್ಲಿ ಓದಿದ ಅವರು ಮೂಲಪದ ‘ರೆಸಿಪೆರೆ’ಯ ಅರ್ಥಗಳನ್ನೆಲ್ಲ ನನ್ನಿಂದ ಬಾಯಿಪಾಠ ಮಾಡಿಸಿದ್ದರು: ತೆಗೆದುಕೊಳ್ಳುವುದು, ಕಳೆದದ್ದನ್ನು ಮರಳಿ ಪಡೆಯುವುದು, ಮಾತು ಕೊಡುವುದು, ಬಂದವರನ್ನು ಮನೆಯೊಳಗೆ ಕರೆದುಕೊಳ್ಳುವುದು. ಹಿಂದೆ ‘ಸೆ’ ಸೇರಿಸಿದರೆ ಬಂದ ದಾರಿಯಲ್ಲೇ ಮರಳುವುದು. ಒಂದೇ ಪದಕ್ಕೆ ಇಷ್ಟು ಅರ್ಥವೇ ಎಂದು ನನಗೆ ಸೋಜಿಗ.

ಅಜ್ಜನ ಒಬ್ಬಳೇ ಮಗಳು ಗಿರಿಜತ್ತೆ ಮನೆಯಲ್ಲಿ ಹೇಳದೆ ಸಿರಿಗೇರಿಯ ದರ್ಜಿಯೊಬ್ಬನನ್ನು ಮದುವೆಯಾಗಿದ್ದಳು. ಬೇರೆ ಜಾತಿ. ಅಜ್ಜಿ ಹಾಸಿಗೆ ಹಿಡಿದ ಸುದ್ದಿ ತಿಳಿದು ಒಂದು ಬೆಳಿಗ್ಗೆ ಬಂದಳು. ಆಗ ನನಗೆ ಹತ್ತು ವರ್ಷ.

“ಅವ್ವನ್ನ ನೋಡಿ ಹೋಗತೀನಪ್ಪಾ. ಕುಂದ್ರಂಗಿಲ್ಲ.”

ಅಜ್ಜ ಬಾಗಿಲಿಗೆ ಅಡ್ಡ ನಿಂತರು. “ಇಲ್ಲಿ ನಿನಗ ಯಾರೂ ಇಲ್ಲ. ಹೋಗು.”

ನನ್ನ ಅಪ್ಪ ನೆಲ ನೋಡುತ್ತ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. “ಅಜ್ಜಾ, ರೆಸಿಪೆರೆ ಅಂದ್ರ ಒಳಗ ಕರಕೊಳ್ಳೋದು ಅಂತ ನೀವ ಕಲಿಸೀರಲ್ರಿ?”

“ಅದು ಲ್ಯಾಟಿನ್ಯಾಗ” ಎಂದು ಅಜ್ಜ ಬಾಗಿಲು ಹಾಕಿದರು. ಯಾರು ಬಂದದ್ದೆಂದು ಒಳಗಿನಿಂದ ಅಜ್ಜಿ ಕೇಳಿದಳು. “ಯಾರೂ ಇಲ್ಲ” ಎಂದರು ಅಜ್ಜ. ಅತ್ತೆ ಬಂದಿದ್ದಾಳೆಂದು ನಾನು ಕೂಗಬಹುದಿತ್ತು. ಕೂಗಲಿಲ್ಲ. ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಅಜ್ಜಿ ಆ ತಿಂಗಳೇ ತೀರಿಕೊಂಡಳು. ಆಮೇಲೆ ಅಜ್ಜ ಪಾಠಕ್ಕೆ ಕರೆದಾಗಲೆಲ್ಲ ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ಕೊನೆಗೆ ಕರೆಯುವುದನ್ನೇ ಬಿಟ್ಟರು. ಇಷ್ಟು ಬಲ್ಲ ಮನುಷ್ಯನಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲು ಏಕಾಗಲಿಲ್ಲ ಎಂದು ಅವರು ಬದುಕಿದ್ದಾಗ ಕೇಳಲಾಗಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ, ಆ ಮನೆಯೂ ಇಲ್ಲ.

ಹೋದ ವರ್ಷ ಸಿರಿಗೇರಿಗೆ ಹೋಗಿದ್ದೆ. ಅತ್ತೆಯ ಕೂದಲು ಪೂರ್ತಿ ಬೆಳ್ಳಗಾಗಿದೆ. ಊಟಕ್ಕೆ ಬಡಿಸುತ್ತ, ಮುಖ ನೋಡದೆ ಕೇಳಿದಳು: “ಅಪ್ಪ ಆಮ್ಯಾಲೆ ಯಾವತ್ತರ ನನ್ನ ಹೆಸರು ಎತ್ತಿದ್ನೇನು?”

“ಹ್ಞೂಂ ಅತ್ತಿ. ಭಾಳ ಸಲ.”

“ಸುಳ್ಳು ಹೇಳಾಕ ನಿನಗ ಮೊದಲಿಂದನೂ ಬರಂಗಿಲ್ಲ” ಎಂದು ಅತ್ತೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.