ಅಪ್ಪನಿಗೆ ಸೂತಕ ಇದೆಯಾ, ಇಲ್ಲವಾ?

ಈ ಸಲದ ಪಿತೃಪಕ್ಷದಲ್ಲಿ ನಮ್ಮಪ್ಪ ಅಂಗೈಯಲ್ಲಿ ಎಳ್ಳು-ನೀರು ಹಿಡಿದುಕೊಂಡು, ತನ್ನ ಅಜ್ಜನ ಹೆಸರು ಹೇಳಲಾಗದೆ ನಿಂತುಬಿಟ್ಟರು.

ಮರೆವು ಅಂದುಕೊಂಡಿರಾ? ಎಪ್ಪತ್ತೆರಡರ ಈ ಮನುಷ್ಯನಿಗೆ ತನ್ನ ಮೊದಲ ಸೈಕಲ್ಲಿನ ನಂಬರೂ ನೆನಪಿದೆ. ಅದು ಮರೆವಲ್ಲ, ಅನುಮಾನ.

ಶುರುವಾದದ್ದು ಬೇಸಿಗೆಯಲ್ಲಿ. ಬೀದರಿನಲ್ಲಿ ಅಪ್ಪನ ದಾಯಾದಿ ಮನೋಹರ ಕಾಕಾನ ಅಣ್ಣ ತೀರಿಕೊಂಡರು. ಸುದ್ದಿ ಬಂದ ಕೂಡಲೇ ಅಪ್ಪ ತಲೆಗೆ ಸ್ನಾನ ಮಾಡಿ, ಹತ್ತು ದಿನ ಸೂತಕ ಹಿಡಿಯಲು ತಯಾರಾಗಿಯೇ ಅಲ್ಲಿಗೆ ಹೋದರು. ತುಂಬಿದ ಅಂಗಳದಲ್ಲಿ ಮನೋಹರ ಕಾಕಾ ಅಂದರಂತೆ: "ನಿನಗ್ಯಾಕಣ್ಣಾ ಸೂತಕಾ? ನಿಮ್ಮಪ್ಪ ತಂದ ಕೂಸಲ್ಲೇನು?"

ದುಃಖದಲ್ಲಿ ಬಾಯಿ ಜಾರಿತೋ, ಹಳೆಯ ಸಿಟ್ಟೋ, ಯಾರಿಗೆ ಗೊತ್ತು? ಅಪ್ಪ ಅವತ್ತೇ ನಾಸಿಕದ ನನ್ನ ಮನೆಗೆ ವಾಪಸ್ ಬಸ್ಸು ಹತ್ತಿದರು.

ಕಥೆ ಇಷ್ಟೇ. ಗೋವಿಂದರಾಯರು, ರಾಮರಾಯರು ಅಂತ ಅಣ್ಣ-ತಮ್ಮ. ಒಂದೇ ಮನೆ, ನಡುವೆ ಒಂದು ಗೋಡೆ. ಗೋವಿಂದರಾಯರು ಅಪ್ಪನ ಅಜ್ಜ. ರಾಮರಾಯರು ಮನೋಹರ ಕಾಕಾನ ಅಜ್ಜ. ಗೋವಿಂದರಾಯರಿಗೆ ಬಹಳ ವರ್ಷ ಮಕ್ಕಳಿರಲಿಲ್ಲ. ಆಮೇಲೊಮ್ಮೆ ದಂಪತಿ ಯಾತ್ರೆಗೆಂದು ಊರು ಬಿಟ್ಟರು. ತಿರುಗಿ ಬಂದಾಗ ತೊಡೆಯ ಮೇಲೊಂದು ಕೂಸು. ಅದೇ ನನ್ನ ಅಜ್ಜ ಶಂಕರರಾಯರು. ಪಂಢರಪುರದಲ್ಲಿ ಸಿಕ್ಕಿತು ಅಂದರು ಕೆಲವರು. ಪ್ಲೇಗಿನಲ್ಲಿ ತಾಯಿ ಸತ್ತ ಮಗು ಅಂದರು ಇನ್ನು ಕೆಲವರು. ಬಾಯಿಗೊಂದು ಊರು.

"ಈಗ ಅದೆಲ್ಲಾ ತಗೊಂಡು ಏನ್ ಮಾಡ್ತೀಯಪ್ಪಾ?" ಎಂದು ಆ ತರ್ಪಣದ ದಿನ ನಾನು ದೊಡ್ಡ ಬುದ್ಧಿವಂತೆಯ ಹಾಗೆ ಕೇಳಿದೆ. (ನಾಸಿಕದ ಬ್ಯಾಂಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ 'ತಂದೆಯ ಹೆಸರು' ಕಾಲಂ ಖಾಲಿ ಬಿಟ್ಟವರ ಫಾರ್ಮು ವಾಪಸ್ ಕೊಡುವವಳು ನಾನೇ!)

ಅಪ್ಪ ಮುಖ ಎತ್ತಲಿಲ್ಲ. "ಅದಲ್ಲವ್ವಾ, ಐವತ್ತು ವರ್ಷ ನಾ ಯಾರಿಗಿ ನೀರ ಬಿಟ್ಟೆ?"

ಮರುದಿನ ಆಫೀಸಿನಲ್ಲಿ ಸಾತಪುರದಿಂದ ಬರುವ ಸಹೋದ್ಯೋಗಿಯೊಬ್ಬರ ಹತ್ತಿರ ಹೇಳಿಕೊಂಡೆ. "ಮ್ಯಾಡಮ್, ತ್ರ್ಯಂಬಕಕ್ಕೆ ಹೋಗಿ. ಯಾತ್ರೆಗೆ ಬಂದವರ ವಂಶವನ್ನೆಲ್ಲ ಅಲ್ಲಿನ ಪುರೋಹಿತರು ವಹಿಯಲ್ಲಿ ಬರೆದಿಟ್ಟಿರುತ್ತಾರೆ" ಎಂದರು. ಎರಡು ವರ್ಷದಿಂದ ಇದೇ ಊರಲ್ಲಿದ್ದೇನೆ. ಬಂದ ನೆಂಟರನ್ನೆಲ್ಲ ತ್ರ್ಯಂಬಕಕ್ಕೆ ಕರೆದುಕೊಂಡು ಹೋಗಿದ್ದೇನೆ. ಇದು ಮಾತ್ರ ಗೊತ್ತಿರಲಿಲ್ಲ ನೋಡಿ.

ಕಳೆದ ಭಾನುವಾರ ಶೇರ್ ಜೀಪಿನಲ್ಲಿ ಇಕ್ಕಟ್ಟಾಗಿ ಕೂತು ಹೋದೆವು. ವಿಚಾರಿಸುತ್ತಾ ಒಬ್ಬ ವಯಸ್ಸಾದ ಗುರುಜಿಯ ಮನೆ ತಲುಪಿದೆವು. ಅವರು ಹೆಸರು ಕೇಳಲಿಲ್ಲ. "ಗಾಂವ್ ಕುಠಲಂ?" ಎಂದು ಊರು ಕೇಳಿದರು. ಅಪ್ಪ ಭಾಲ್ಕಿ ಕಡೆಯ ನಮ್ಮ ಹಳ್ಳಿಯ ಹೆಸರು ಹೇಳಿದರು. ಗುರುಜಿ ಒಳಗೆ ಹೋಗಿ ಕೆಂಪು ಬಟ್ಟೆಯ ಗಂಟೊಂದನ್ನು ಎತ್ತಿಕೊಂಡು ಬಂದರು. ಐದು ನಿಮಿಷ! (ನಮ್ಮ ಶಾಖೆಯಲ್ಲಿ ಹೋದ ವರ್ಷದ ಫಾರ್ಮು ಹುಡುಕಲು ನನಗೆ ಮೂರು ದಿನ ಬೇಕು.)

ಉದ್ದನೆಯ ವಹಿ. ಹಳದಿಗಟ್ಟಿದ ಹಾಳೆ. ನಮ್ಮ ಊರಿನಿಂದ ಯಾತ್ರೆಗೆ ಬಂದ ಪ್ರತಿಯೊಬ್ಬರೂ ತಂದೆ, ಅಣ್ಣ-ತಮ್ಮ, ಹೆಂಡತಿ, ಮಕ್ಕಳ ಹೆಸರು ಬರೆಸಿ ಸಹಿ ಹಾಕಿದ್ದಾರೆ. ಲಿಪಿ ಮೋಡಿ, ಮರಾಠಿಯ ಹಳೆಯ ಕೂಡುಬರಹ. ಗುರುಜಿ ಬೆರಳಿಟ್ಟು ಓದತೊಡಗಿದರು.

ಗೋವಿಂದರಾವ್. ಹೆಂಡತಿ ಗಂಗಾಬಾಯಿ. ಸಂತತಿ ಇಲ್ಲ.

ಅಪ್ಪನ ಮುಖ ಸಣ್ಣದಾಯಿತು. ಹಾಳೆಗಳು ಮಗುಚಿದವು.

ರಾಮರಾವ್. ಹೆಂಡತಿ ಲಕ್ಷ್ಮೀಬಾಯಿ. ಗಂಡು ಮಕ್ಕಳು ಮೂವರು. ಮಾಣಿಕ, ಭೀಮ, ತವರಿನಲ್ಲಿ ಹುಟ್ಟಿದ ಎಳೆಗೂಸು ಶಂಕರ.

"ಶಂಕರ?" ಅಪ್ಪ, ನಾನು ಇಬ್ಬರೂ ಒಟ್ಟಿಗೇ ಕೇಳಿದೆವು. ಮಾಣಿಕರಾಯರು ಮನೋಹರ ಕಾಕಾನ ಅಪ್ಪ. ಅವರಿಗೆ ಶಂಕರ ಅಂತ ತಮ್ಮ ಇದ್ದದ್ದನ್ನು ನಾವು ಕೇಳಿಯೇ ಇರಲಿಲ್ಲ.

ಮುಂದಿನ ಹಾಳೆಯಲ್ಲಿ ಅಣ್ಣ-ತಮ್ಮ ಇಬ್ಬರೂ ಹೆಂಡಂದಿರ ಜೊತೆ ಒಟ್ಟಿಗೇ ಬಂದಿದ್ದರು. ರಾಮರಾಯರ ಮಕ್ಕಳು ಈಗ ಇಬ್ಬರೇ. ಗೋವಿಂದರಾಯರಿಗೆ ಒಬ್ಬ ಮಗ, ಶಂಕರ, ದತ್ತಕ. ಕೆಳಗೆ ಇಬ್ಬರ ಸಹಿ. ಅದರ ಕೆಳಗೆ ಎರಡು ಸಾಲು. ಗುರುಜಿ ವಹಿಯನ್ನು ನನ್ನ ಕಡೆ ತಿರುಗಿಸಿದರು. "ಹೇ ಕಾನಡೀ ಆಹೇ. ತುಮ್ಹೀಚ್ ವಾಚಾ," ನೀವೇ ಓದಿ ಎಂದರು.

ನಮ್ಮ ಕನ್ನಡ! ಅಷ್ಟು ವರ್ಷದ ಹಿಂದಿನ ಕೈಬರಹ. ಅಪ್ಪನಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

"ಈ ಕೂಸು ಲಕ್ಷ್ಮೀಬಾಯಿ ತನ್ನ ಮಡಿಲಿನಿಂದ ಗಂಗಾಬಾಯಿಗೆ ಕೊಟ್ಟದ್ದು. ಊರಿಗೆ ಹೇಳಿಲ್ಲ. ತೀರ್ಥದಲ್ಲಿ ಸುಳ್ಳು ಬರೆಸಬಾರದೆಂದು ಬರೆದಿದೆ."

ಎಲ್ಲಿಂದ ತಂದ ಕೂಸು? ಗೋಡೆಯ ಆಚೆ ಬದಿಯಿಂದ! ಬಹುಶಃ ಹುಡುಗ ಹೆತ್ತವಳ ಕಡೆ ಓಡಿಹೋಗದಿರಲಿ ಎಂದು, ಲಕ್ಷ್ಮೀಬಾಯಿ ತವರಿನಲ್ಲಿ ಹೆತ್ತ ಕೂಸು ಉಳಿಯಲಿಲ್ಲವೆಂದು ಊರಿಗೆಲ್ಲ ಬೇರೆ ಕಥೆ ಹೇಳಿರಬೇಕು. ಅದು ನನ್ನ ಊಹೆ. ಊರಿಗೆ ಸುಳ್ಳು ಹೇಳಿದ ಇಬ್ಬರು ಗಂಡಸರಿಗೆ, ಗೋದಾವರಿ ಹುಟ್ಟುವ ಈ ಊರಿನಲ್ಲಿ ಮಾತ್ರ ಸುಳ್ಳು ಬರೆಸಲು ಕೈ ಬರಲಿಲ್ಲ. ಮುಂದೆ ಯಾರಾದರೂ ಬಂದು ಕೇಳಿಯಾರು ಎಂದು ಬರೆದಿಟ್ಟು ಹೋದರು. ಈ ಗುರುಜಿಯ ಅಜ್ಜ, ಅಪ್ಪ, ಆಮೇಲೆ ಇವರು, ಮಳೆಗಾಲ ಮುಗಿದಾಗಲೆಲ್ಲ ವಹಿಯನ್ನು ಬಿಸಿಲಿಗೆ ಹರಡಿ, ಮತ್ತೆ ಕಟ್ಟಿ ಇಟ್ಟರು. ಬಂದೇ ಬರುತ್ತೇವೆಂದು ನಾವೇನು ಕಾಗದ ಬರೆದಿದ್ದೆವೇ?

ಮತ್ತೆ ಆ ಲಕ್ಷ್ಮೀಬಾಯಿ? ತನ್ನ ಮಗ ಇನ್ನೊಬ್ಬಳನ್ನು ಅವ್ವಾ ಎಂದು ಕರೆಯುವುದನ್ನು ಗೋಡೆಯ ಆಚೆ ಕೂತು ಬದುಕಿಡೀ ಕೇಳಿದಳು. ಬಾಯಿ ಬಿಡಲಿಲ್ಲ. ಅವಳ ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ.

ಅಲ್ಲಿನ ಕುಶಾವರ್ತ ತೀರ್ಥದ ಮೆಟ್ಟಿಲಲ್ಲಿ ಅಪ್ಪ ತರ್ಪಣಕ್ಕೆ ಕೂತರು. ಗೋವಿಂದರಾಯರ ಹೆಸರು ತಡವರಿಸದೆ ಬಂತು. ಗಂಗಾಬಾಯಿಯ ಹೆಸರೂ ಬಂತು. ಮುಗಿಯಿತು ಎಂದು ಗುರುಜಿ ಎದ್ದರು. ಅಪ್ಪ ಏಳಲಿಲ್ಲ. ಇನ್ನೊಂದು ಬೊಗಸೆ ನೀರು ತೆಗೆದುಕೊಂಡು "ಲಕ್ಷ್ಮೀಬಾಯಿ" ಎಂದರು. ಗುರುಜಿ ಏನೂ ಕೇಳದೆ ಮತ್ತೆ ಕೂತು ಮಂತ್ರ ಹೇಳಿದರು. ಅಪ್ಪ ಅಳುತ್ತಿದ್ದರು. ನಾನೂ.

ಜೀಪಿನ ಸ್ಟ್ಯಾಂಡಿಗೆ ಬಂದ ಮೇಲೆ ಅಪ್ಪ ನನ್ನ ಕೈಗೆ ಮೊಬೈಲ್ ಕೊಟ್ಟರು. "ಮನೋಹರಗ ಫೋನ್ ಹಚ್ಚು." ಹಚ್ಚಿ, ಸ್ಪೀಕರ್ ಹಾಕಿ ಕೊಟ್ಟೆ.

"ಮನ್ಯಾ, ನೀ ಅಂದದ್ದು ಖರೇನೇ ಅದ. ನಮ್ಮಪ್ಪ ತಂದ ಕೂಸ. ನಿಮ್ಮಜ್ಜಿ ತೊಡಿ ಮ್ಯಾಲಿಂದ ತಂದಾರ. ನಿಮ್ಮಪ್ಪನ ಖಾಸ ತಮ್ಮ. ಇಲ್ಲಿ ವಹಿದಾಗ ನಿಮ್ಮಜ್ಜನ ಸಹಿ ಅದ."

ನಮ್ಮ ಜೀಪಿನ ಡ್ರೈವರ್ "ನಾಸಿಕ್, ನಾಸಿಕ್" ಎಂದು ಕೂಗುತ್ತಲೇ ಇದ್ದ.

"ಅಣ್ಣಾ, ತಪ್ಪಾತು..." ಎಂದರು ಮನೋಹರ ಕಾಕಾ.

"ತಪ್ಪಿಂದು ಇರಲಿ" ಎಂದರು ಅಪ್ಪ. "ನಾ ಹೋದ್ರ ನೀ ಹತ್ತು ದಿನ ಪೂರಾ ಸೂತಕ ಕೂಡಬೇಕಾಗ್ತದ. ಈಗಿಂದೇ ಮನಸ್ ಗಟ್ಟಿ ಮಾಡ್ಕೋ."

ಜೀಪು ಹತ್ತಿ ಕೂತ ಮೇಲೆ ನನಗೊಂದು ಪ್ರಶ್ನೆ ಬಂತು. ಆ ಕೂಸು ನಿಜವಾಗಿಯೂ ಪಂಢರಪುರದಲ್ಲಿ ಸಿಕ್ಕಿದ್ದೇ ಆಗಿದ್ದರೆ, ಸತ್ತ ಅಣ್ಣನಿಗಾಗಿ ಬಸ್ಸು ಹತ್ತಿ ಓಡಿಹೋದ ನಮ್ಮಪ್ಪ ಆ ಅಂಗಳಕ್ಕೆ ಪರಕೀಯರಾಗಿಬಿಡುತ್ತಿದ್ದರೇ?

ಅಳುವುದಕ್ಕೆಂದು ಬಂದವರ ಹತ್ತಿರ ಗುರುತಿನ ಚೀಟಿ ಕೇಳುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?