ಎರಡು ಗುಡ್ಡೆ ಅರ್ಜಿಗಳು

ಮೊನ್ನೆ ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ನಮ್ಮೂರು ಬ್ಯಾಲಿನ್‌ಕೊಲಿಗ್‌ನ ತರಕಾರಿ ಅಂಗಡಿಯಲ್ಲಿ ರೂಬಾರ್ಬ್ ದಂಟಿನ ಕಟ್ಟೊಂದನ್ನು ಕೈಗೆತ್ತಿಕೊಂಡೆ. ಅದರ ಹುಳಿ ಹುಳಿ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಜ್ಜಿ ನೆನಪಾದರು. ಕೋವಿಡ್‌ನ ಮೊದಲ ವರ್ಷ, ವಯಸ್ಸಾದವರು ಹೊರಗೆ ಕಾಲಿಡಬಾರದೆಂದು ಸರ್ಕಾರ ಹೇಳಿದ್ದ ದಿನಗಳಲ್ಲಿ, ಅವರು ಹಿತ್ತಲಿನ ಗಿಡದಿಂದ ಆ ಕೆಂಪು ದಂಟುಗಳನ್ನು ಕಿತ್ತು ನಮ್ಮಿಬ್ಬರ ನಡುವಿನ ಗೋಡೆಯ ಮೇಲಿಟ್ಟು ಎರಡು ಮೀಟರ್ ಹಿಂದೆ ಸರಿಯುತ್ತಿದ್ದರು. ನಾನು ಬೆಲ್ಲ ಹಾಕಿ ಗೊಜ್ಜು ಮಾಡಿ ಅಲ್ಲೇ ಇಡುತ್ತಿದ್ದೆ. "ಇದು ಜಾಮ್ ಅಲ್ಲ. ಆದ್ರೂ ಗ್ರ್ಯಾಂಡ್" ಎಂದಿದ್ದರು ಮೊದಲ ಸಲ, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ…

ಅಜ್ಜಿ ಊರಿನ ಹೈಸ್ಕೂಲಿನ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅವರ ಮಗಳು ಓದಿದ್ದೂ ಅಲ್ಲೇ. ಆ ಮಗಳ ಮಗಳೂ ನನ್ನ ಮಗಳೂ ಪ್ರೈಮರಿಯಲ್ಲಿ ಒಂದೇ ತರಗತಿ. ಇಬ್ಬರೂ ಆ ಹೈಸ್ಕೂಲಿಗೇ ಅರ್ಜಿ ಹಾಕುವವರಿದ್ದರು. ಸೀಟು ಕಡಿಮೆ, ಮಕ್ಕಳು ಹೆಚ್ಚು. ಕಾಲುಭಾಗ ಸೀಟು ಹಳೆಯ ವಿದ್ಯಾರ್ಥಿಗಳ ಮಕ್ಕಳು ಮೊಮ್ಮಕ್ಕಳಿಗೆ ಎಂಬ ನಿಯಮವಿತ್ತು. ಮೈಸೂರಿನಲ್ಲಿ ಓದಿ ಬಂದ ನಮ್ಮಂಥವರ ಮಗಳಿಗೆ ಅದರಿಂದೇನು ಸಿಗಬೇಕು? ಆ ಜೂನ್‌ನಲ್ಲಿ, ನಿಯಮ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಶಾಲೆಯವರು ಎಲ್ಲರ ಅಭಿಪ್ರಾಯ ಕೇಳಲು ಆನ್‌ಲೈನ್ ಸಭೆ ಕರೆದರು.

ಸಭೆಯ ಹಿಂದಿನ ಸಂಜೆ ನನ್ನ ಗಂಡ ಗೋಡೆಯ ಬಳಿ ಗೊಣಗಿದರು. "ಎಂಟ್ರೆನ್ಸ್ ಟೆಸ್ಟ್ ಇಟ್ಬಿಡ್ಲಿ. ಮೆರಿಟ್ ಇರೋರಿಗೆ ಸೀಟು."

"ಟ್ಯೂಷನ್‌ಗೆ ಕಳಿಸೋರ ಮಕ್ಕಳು ಬರ್ತಾರೆ, ಅಷ್ಟೇ" ಎಂದರು ಅಜ್ಜಿ. ಗಿಡದ ಎಲೆ ಸವರುತ್ತ ನನ್ನ ಕಡೆ ತಿರುಗಿದರು. "ಅರ್ಜಿ ಲಕೋಟೆ ಒಡೆಯೋದು ನನ್ನ ಕೆಲ್ಸ ಆಗಿತ್ತು. ಎರಡು ಗುಡ್ಡೆ ಮಾಡ್ತಿದ್ದೆ. ಗೊತ್ತಿರೋ ಮನೆತನದ ಹೆಸರುಗಳು ಒಂದು. ನಂಗೆ ಓದೋಕೆ ಬಾರದ ಹೆಸರುಗಳು ಇನ್ನೊಂದು. ಹೆಡ್‌ಮೇಷ್ಟ್ರು ಮೊದಲನೇ ಗುಡ್ಡೆಯಿಂದ ಶುರು ಮಾಡ್ತಿದ್ರು. ಹಾಗೆ ಮಾಡು ಅಂತ ಯಾರೂ ಹೇಳಿರ್ಲಿಲ್ಲ."

ನನಗೆ ಏನನ್ನಿಸಿತೋ, ಗಂಡನಿಗೂ ಹೇಳಿರದಿದ್ದ ಮಾತು ಬಾಯಿಂದ ಬಂತು. ಮೈಸೂರಿನಲ್ಲಿ ಎಲ್ಲರೂ ಬಯಸುತ್ತಿದ್ದ ಶಾಲೆಗೆ ನಾನು ಸೇರಿದ್ದು ನನ್ನ ತಂದೆ ಅಲ್ಲಿ ಗುಮಾಸ್ತರಾಗಿದ್ದರಿಂದ. ಅಂಕಗಳಿಂದ ಮೇಲೆ ಬಂದವಳು ಎಂದು ಅಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ. ಅಜ್ಜಿ ನಕ್ಕರು, ಚುಚ್ಚುವ ನಗುವಲ್ಲ. "ಹಾಗಾದ್ರೆ ಹುಡುಗಿ, ನೀನೂ ನನ್ನ ಮೊದಲನೇ ಗುಡ್ಡೆಯವಳೇ."

ಮರುದಿನ ಸಭೆಯಲ್ಲಿ ಒಬ್ಬ ತಂದೆ, ತಮ್ಮ ಹಿರಿಯರು ಬೆವರು ಸುರಿಸಿ ಕಟ್ಟಿದ ಶಾಲೆ ಅದು, ನಿನ್ನೆ ಬಂದವರು ಸಾಲಿನಲ್ಲಿ ಕಾಯಲಿ ಎಂದರು. ನಮ್ಮ ಹೆಸರು ಹೇಳಲಿಲ್ಲ. ನಾನು ಕ್ಯಾಮೆರಾ ಆರಿಸಿದೆ. ಆಗ ಅಜ್ಜಿಯ ಮುಖ ಪರದೆಯಲ್ಲಿ ಕಾಣಿಸಿತು. ಬಾಯಿ ಆಡುತ್ತಿತ್ತು, ದನಿಯಿಲ್ಲ. ಯಾರೋ ಮೈಕ್ ಹಾಕಲು ಹೇಳಿಕೊಟ್ಟರು. ಎರಡು ಗುಡ್ಡೆಗಳ ಕತೆಯನ್ನು ಅವರು ಮೊದಲಿಂದ ಹೇಳಿದರು. ಕೊನೆಗೆ, "ಈ ನಿಯಮ ಇದ್ರೆ ನನ್ನ ಮೊಮ್ಮಗಳಿಗೆ ಸೀಟು ಗ್ಯಾರಂಟಿ. ಆದ್ರೂ ಇದು ಬೇಡ" ಎಂದರು. ಪರದೆಯ ಇನ್ನೊಂದು ಚೌಕದಲ್ಲಿ ಕುಳಿತಿದ್ದ ಅವರ ಮಗಳು ಎದ್ದು ಹೋದರು.

ನಿಯಮ ಹೋಯಿತು. ನವೆಂಬರಿನಲ್ಲಿ ಸೀಟುಗಳಿಗೆ ಚೀಟಿ ಎತ್ತಿದರು. ನನ್ನ ಮಗಳಿಗೆ ಸೀಟು ಬಂತು, ಅವರ ಮೊಮ್ಮಗಳಿಗೆ ಬರಲಿಲ್ಲ. "ದಟ್ಸ್ ನಾಟ್ ಫೇರ್, ಅಮ್ಮ" ಎಂದು ನನ್ನ ಮಗಳು ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು. ಮಾಡಿದ್ದ ಪಾಯಸವನ್ನು ಯಾರೂ ಮುಟ್ಟಲಿಲ್ಲ. ಅಜ್ಜಿ ಮಾತ್ರ ಗೋಡೆಯಾಚೆಯಿಂದ ಅವಳಿಗೊಂದು ಹೊಸ ಪೆನ್ನು ಕೊಟ್ಟರು. ಮೊಮ್ಮಗಳ ಬಗ್ಗೆ ಕೇಳಿದರೆ, "ಅವಳು ಸರಿ ಹೋಗ್ತಾಳೆ. ಅವಳಮ್ಮನೇ ಫೋನ್ ಎತ್ತಲ್ಲ" ಎಂದು ಒಳಗೆ ಹೋದರು.

ಜನವರಿಯಲ್ಲಿ ಅವರನ್ನು ಆಂಬುಲೆನ್ಸ್ ಕರೆದುಕೊಂಡು ಹೋಯಿತು. ಮತ್ತೆ ಬರಲಿಲ್ಲ. ಅಂತ್ಯಕ್ರಿಯೆಗೆ ಹತ್ತೇ ಜನಕ್ಕೆ ಅವಕಾಶ. ಉಳಿದ ನಾವೆಲ್ಲ ಅಂತರ ಬಿಟ್ಟು ರಸ್ತೆಯ ಬದಿಯಲ್ಲಿ ನಿಂತೆವು. ಅವರ ಮನೆಯ ಮುಂದೆ ಶವಪೆಟ್ಟಿಗೆ ಹೊತ್ತ ಕಪ್ಪು ಕಾರು ಒಂದು ಗಳಿಗೆ ನಿಧಾನಿಸಿ ಮುಂದೆ ಹೋಯಿತು…

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯವರೇ. ಆದರೂ ಹಿತ್ತಲಿಗೆ ಹೋದಾಗ ಮಾತಾಡಲು ಯಾರೂ ಇಲ್ಲ ಅನ್ನಿಸುತ್ತದೆ. ಕಳೆದ ವಾರ ಬಸ್‌ಸ್ಟಾಪಿನಲ್ಲಿ ಅಜ್ಜಿಯ ಮಗಳು ಸಿಕ್ಕರು. ಇಷ್ಟು ವರ್ಷ ತಲೆಯಾಡಿಸಿದ್ದು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ.

"ಅಮ್ಮ ಮಾಡಿದ್ದು ಸರೀನೋ ತಪ್ಪೋ ನಂಗಿನ್ನೂ ಗೊತ್ತಿಲ್ಲ" ಎಂದರು ರಸ್ತೆಯತ್ತಲೇ ನೋಡುತ್ತ. "ಕೊನೇ ಒಂಬತ್ತು ವಾರ ನಾನು ಮಾತಾಡ್ಲಿಲ್ಲ. ಫೋನ್ ಎತ್ತಬೇಕಿತ್ತು, ಅಷ್ಟೇ."

ನಾನು ಅವರ ಕೈ ಹಿಡಿದುಕೊಂಡೆ. ಕಾರ್ಕ್‌ಗೆ ಹೋಗುವ ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ.