ತಮ್ಮನನ್ನು ‘ಬೊರಾತ್’ ಎಂದು ಕರೆದೆ

೧೯೬೩ನೇ ಇಸವಿ ಇರಬೇಕು. ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ನಾವಿದ್ದದ್ದು ಪಕ್ಕದ ಯಡಿಯೂರಿನಲ್ಲಿ. ಅಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಮನೆಯ ಅಡುಗೆ ಮುಗಿಸಿ, ಸ್ಪೇನ್ ದೇಶದ ಸಿಸ್ಟರ್ ಒಬ್ಬರು ನಡೆಸುತ್ತಿದ್ದ ಸಣ್ಣ ದವಾಖಾನೆಯಲ್ಲಿ ಕಸ ಗುಡಿಸುತ್ತಿದ್ದೆ.

ಆ ವರ್ಷ ನನ್ನ ತಮ್ಮ ಸೀನನ ಹಸಿವು ವಿಪರೀತವಾಯಿತು. ಮುದ್ದೆಯ ಮೇಲೆ ಮುದ್ದೆ ನುಂಗಿ, ಚೊಂಬುಗಟ್ಟಲೆ ನೀರು ಕುಡಿದು, ಮತ್ತೆ ತಟ್ಟೆ ಹಿಡಿಯುತ್ತಿದ್ದ. ಅಮ್ಮನ ಪಾಲನ್ನು ಅವನ ಕೈಗೆಟುಕದಂತೆ ನೆಲುವಿನಲ್ಲಿ ಇಡಬೇಕಾಗಿತ್ತು.

ಇಂಥವನಿಗೆ ನಿಮ್ಮ ಭಾಷೆಯಲ್ಲಿ ಏನಂತಾರೆ ಎಂದು ಸಿಸ್ಟರನ್ನು ಕೇಳಿದೆ. ಅವರು ನಕ್ಕರು.

“ಬೊರಾತ್. ಎಷ್ಟು ತಿಂದರೂ ಸಾಲಲ್ಲ, ಅವನು. ತೋಳಕ್ಕೆ ಹೇಳ್ತೀವಿ, ಬೆಂಕಿಗೂ ಹೇಳ್ತೀವಿ. ತುಂಬಾ ಪುಸ್ತಕ ಓದೋರಿಗೂ ಹೇಳ್ತೀವಿ, ಅದು ಹೊಗಳಿಕೆ.”

ನಾನು ನೆನಪಿಟ್ಟುಕೊಂಡದ್ದು ತೋಳವನ್ನು ಮಾತ್ರ. ಬೀದಿ ಹುಡುಗರ ಎದುರಿಗೇ “ಬಂದ ನೋಡ್ರೋ, ಬೊರಾತ್” ಎನ್ನುತ್ತಿದ್ದೆ. ಅವನೂ ನಗುತ್ತಿದ್ದ.

ಒಂದು ಸಂಜೆ ಹಿತ್ತಲ ಮೂಲೆಯಲ್ಲಿ ಇರುವೆ ಮುತ್ತಿದ್ದವು.

“ಬೆಲ್ಲ ಕದ್ದು ಇಲ್ಲಿ ಕೂತು ತಿಂದ್ಯೇನೋ?”

“ಇಲ್ಲಕ್ಕ. ಅಲ್ಲಿ ಉಚ್ಚೆ ಹುಯ್ದೆ, ಅಷ್ಟೇ.”

“ಉಚ್ಚೆಗೆ ಇರುವೆ ಬರ್ತವಾ?” ಎಂದು ಬೆನ್ನಿಗೆ ಬಾರಿಸಿದೆ. ಊಟ ಹಾಕಲಿಲ್ಲ. ಅಮ್ಮ ಬಂದು ಕೇಳಿದಾಗ, “ಉಂಡು ಮಲಗಿದ” ಎಂದೆ.

ಮಾರನೇ ದಿನ ಇರುವೆಯ ವಿಷಯವನ್ನು ಸಿಸ್ಟರಿಗೆ ತಮಾಷೆಯಾಗಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ಹುಡುಗ ಸಣ್ಣ ಆಗಿದ್ದಾನಾ?”

ಹೌದು, ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ದಾರ ಕಟ್ಟಿದ್ದವಳು ನಾನೇ. ಸಿಸ್ಟರ್ ನನಗಿಂತ ಮುಂದೆ ಓಡಿದರು.

ಸೀನ ಚಾಪೆಯ ಮೇಲೆ ಏದುಸಿರು ಬಿಡುತ್ತಾ ಬಿದ್ದಿದ್ದ. ಬಾಯಿಂದ ಕಳಿತ ಹಣ್ಣಿನ ವಾಸನೆ. ಜಟಕಾದಲ್ಲಿ ಆಸ್ಪತ್ರೆಗೆ ಒಯ್ದೆವು.

“ಸಕ್ಕರೆ ಕಾಯಿಲೆ. ತಿಂದಿದ್ದು ಮೈಗೆ ಹತ್ತದೆ ಉಚ್ಚೇಲೇ ಹೋಗ್ತಿತ್ತು. ಮೈ ಒಳಗೊಳಗೇ ಉರಿದುಹೋಗಿದೆ” ಎಂದರು ಡಾಕ್ಟರು. ಆಗಲೇ ನನಗೆ ಸಿಸ್ಟರ್ ಹೇಳಿದ್ದ ಬೆಂಕಿ ನೆನಪಾದದ್ದು.

ಇಂಜೆಕ್ಷನ್ ಕೊಟ್ಟ ಮೇಲೆ ಸೀನ ಒಮ್ಮೆ ಕಣ್ಣು ಬಿಟ್ಟ. “ಅಕ್ಕ, ಬೆಲ್ಲ ತಿಂದಿಲ್ಲ ಕಣೆ” ಎಂದ. ಆಮೇಲೆ ಕಣ್ಣು ತೆರೆಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬೆಲ್ಲದ ಡಬ್ಬದ ಮುಚ್ಚಳ ತೆಗೆದೆ. ಹಬ್ಬಕ್ಕೆಂದು ಅಮ್ಮ ತಂದಿಟ್ಟಿದ್ದ ಅಚ್ಚು ಒಂದು ಚೂರೂ ಮುರಿದಿರಲಿಲ್ಲ. ಹೊಡೆಯುವ ಮೊದಲು ತೆಗೆದು ನೋಡಬಹುದಿತ್ತು.

“ನನ್ನ ಮಗ ಹಸ್ಕೊಂಡು ಹೋಗ್ಲಿಲ್ಲ, ಹಿಂದಿನ ರಾತ್ರಿ ಹೊಟ್ಟೆ ತುಂಬಾ ಉಂಡಿದ್ದ” ಎಂದು ಅಮ್ಮ ಸಾಯುವವರೆಗೂ ಎಲ್ಲರಿಗೂ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ತಲೆ ಆಡಿಸುತ್ತಿದ್ದೆ.